ಎರಡನೆಯ ಪಟ್ಟಿ

ಅರ್ಧಕ್ಕೆ ಇಳಿದವಳು ಅಲ್ಲೇ ನಿಂತುಬಿಟ್ಟಳು. ಎದೆ ನೆಲಕ್ಕೆ ತಾಗಲು ಇನ್ನೊಂದು ಗೇಣು ಬಾಕಿ. ತೋಳಿನಲ್ಲಿ ಬಲವಿತ್ತು, ಉಸಿರೂ ಇತ್ತು. ಬಲಗೈಯ ಮಣಿಕಟ್ಟು ಮಾತ್ರ ಒಲ್ಲೆನೆಂದು ಹಟ ಹಿಡಿದಿತ್ತು. ಹೆಬ್ಬೆರಳಿನ ಬುಡದಲ್ಲಿ ಹುಟ್ಟಿದ ನೋವು ಕಾದ ತಂತಿಯ ಹಾಗೆ ಮುಂಗೈಯೊಳಗೆ ಏರಿತು. ಅವಳು ಪಕ್ಕಕ್ಕೆ ಉರುಳಿ, ಬಟ್ಟೆ ಕತ್ತರಿಸುವ ಮೇಜಿನ ಕಾಲಿಗೆ ತಲೆ ಕೊಟ್ಟು ಮಲಗಿದಳು. ನೂಲಿನ ಎಳೆಗಳೂ ಬಣ್ಣಬಣ್ಣದ ಚಿಂದಿಗಳೂ ಬೆವೆತ ಬೆನ್ನಿಗೆ ಅಂಟಿಕೊಂಡವು.

"ಯಾಕೆ, ನೆಲ ಸೋತುಹೋಯ್ತಾ?" ಮೇಜಿನ ಆಚೆಯಿಂದ ಗಂಡ ಕೇಳಿದ. ಅವನು ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗಿರಾಕಿಗಳು ಬರುವ ಮೊದಲು ಬೆಳಿಗ್ಗೆ ಒಂದು ಗಂಟೆ ಆ ನೆಲ ಅವಳದು.

"ನಿಮಗೆ ನಗು. ಇಲ್ಲಿ ಜೀವ ಹೋಗ್ತಿದೆ."

"ಪುಷ್-ಅಪ್ಪೋ ಪುಷ್-ಡೌನೋ ಏನೋ ಒಂದು, ಬಿಟ್ಟುಬಿಡೇ ತಾಯಿ," ಎಂದರು ಅತ್ತೆ, ತೊಟ್ಟಿಲ ಪಕ್ಕ ಕುಳಿತಲ್ಲಿಂದಲೇ. "ಬಾಣಂತಿ ಮೈ ಇನ್ನೂ ಹಸಿ. ಫೋನ್ ಹತ್ರ ಕೂತ್ಕೊಂಡು ಸಂಬಳ ತರೋಕೆ ಏನು ಕಷ್ಟ ನಿಂಗೆ? ಫ್ಯಾನಿದೆ, ಕುರ್ಚಿ ಇದೆ."

ಫ್ಯಾನೂ ಇತ್ತು, ಕುರ್ಚಿಯೂ ಇತ್ತು. ಅಗ್ನಿಶಾಮಕ ಠಾಣೆಯಲ್ಲಿ ಅವಳು ಎಂಜಿನ್ನಿನ ಹಿಂದಿನ ಸೀಟಿನಲ್ಲಿ ಕುಳಿತು ಹೋಗುತ್ತಿದ್ದವಳು. ಬಸುರಿಯಾದಾಗ ಟೆಲಿಫೋನ್ ಕೋಣೆಗೆ ಕಳಿಸಿದರು. ಹೆರಿಗೆ ರಜೆ ಮುಗಿಸಿ ಬಂದಾಗಲೂ ಅಲ್ಲೇ ಕೂರಿಸಿದರು. ಎಂಜಿನ್ ಹತ್ತಬೇಕಾದರೆ ಹೊಸಬರ ಹಾಗೆ ಮತ್ತೆ ಪರೀಕ್ಷೆ ಕೊಡಬೇಕು: ಓಟ, ಹಗ್ಗ, ಏಣಿ, ಪುಷ್-ಅಪ್. ಮುಂದಿನ ತಿಂಗಳ ಕೊನೆಗೆ ಪರೀಕ್ಷೆ. ಅದರಲ್ಲಿ ಅವಳು ಎಡವಿದರೆ, ಈಗ ಅವಳ ಸೀಟಿನಲ್ಲಿ ತಾತ್ಕಾಲಿಕವಾಗಿ ಕುಳಿತಿರುವ ಪಕ್ಕದ ಠಾಣೆಯವನು ಅಲ್ಲೇ ಕಾಯಂ ಆಗುತ್ತಾನೆ. ಇವಳು ಕುರ್ಚಿಗೆ ಕಾಯಂ.

ಕುರ್ಚಿ ಯಾಕೆ ಬೇಡವೆಂದು ಅತ್ತೆಗೆ ಒಮ್ಮೆ ಹೇಳಲು ನೋಡಿದ್ದಳು. ಒಂದು ಮಧ್ಯಾಹ್ನ ಯಾರೋ ಹೆಂಗಸು ಫೋನಿನಲ್ಲಿ ಕಿರುಚುತ್ತಿದ್ದಳು. ಕೋಣೆಯೊಳಗೆ ಮಗು, ಬಾಗಿಲು ಸಿಕ್ಕಿಹಾಕಿಕೊಂಡಿದೆ, ಅಡುಗೆಮನೆಯಿಂದ ಹೊಗೆ. ಇವಳು ವಿಳಾಸ ಕೇಳಿದಳು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಲು ಹೇಳಿದಳು, ಗಂಟೆ ಒತ್ತಿದಳು. ಎಂಜಿನ್ ಹೋಯಿತು. ಆ ಮೇಲೆ ಏನೂ ಇಲ್ಲ. ಫ್ಯಾನು ತಿರುಗುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಎಂಜಿನ್ ವಾಪಸ್ಸು ಬಂತು. ಹುಡುಗರು ಪೈಪು ತೊಳೆದರು, ಚಹಾ ಕುಡಿದರು, ಯಾವುದೋ ಮಾತಿಗೆ ಜೋರಾಗಿ ನಕ್ಕರು. ಕೊನೆಗೆ ಇವಳೇ ಹೋಗಿ ಕೇಳಿದ್ದಳು. "ಅಯ್ಯೋ, ಹೇಳೋದೇ ಮರೆತ್ವಿ. ಮಗು ಆರಾಮಾಗಿದೆ ಕಣಮ್ಮ," ಎಂದಿದ್ದರು.

"ಕೂಗು ಕೇಳಿ ಓಡೋದು ಬೇರೆ ಅತ್ತೆ, ಕೂಗು ಕೇಳಿ ಕೂರೋದು ಬೇರೆ," ಎಂದು ಅವಳು ಹೇಳಿದಾಗ ಅತ್ತೆ, "ನಾವು ಹೆಂಗಸರು ಕೂತೇ ಅಲ್ವೇನೇ ಕೇಳಿಸ್ಕೊಂಡಿದ್ದು," ಎಂದಿದ್ದರು. ಹಾಗೆಂದು ತೊಟ್ಟಿಲು ತೂಗಿದ್ದರು.

ತೊಟ್ಟಿಲಲ್ಲಿದ್ದವಳು ಆರು ತಿಂಗಳ ಮಗಳು. ಠಾಣೆಯವರು ನೋಡಲು ಬಂದಾಗ ಒಬ್ಬೊಬ್ಬರೇ ಎತ್ತಿಕೊಂಡು, "ಅಬ್ಬಾ, ಇದೇನು ಸಿಲಿಂಡರ್ರಾ!" ಎಂದಿದ್ದರು. ಅಂದಿನಿಂದ ಅದೇ ಹೆಸರು ನಿಂತಿತು. ಅತ್ತೆ ಮೊದಲು ಸಿಡುಕಿದರು, ಆಮೇಲೆ ತಾವೂ ಹಾಗೇ ಕರೆದರು. ಸಿಲಿಂಡರ್ ಅಳುತ್ತಿದ್ದರೆ ಎತ್ತಿಕೊಳ್ಳಬೇಕು, ಎತ್ತಿಕೊಂಡರೆ ನಿಂತಿರಬೇಕು, ಇಳಿಸಿದರೆ ಮತ್ತೆ ಎತ್ತಬೇಕು.

ಮಣಿಕಟ್ಟಿನ ನೋವಿಗೆ ಅವಳು ಡಾಕ್ಟರರ ಹತ್ತಿರ ಹೋಗದೆ ಇರಲಿಲ್ಲ. "ಭಾರದ ಕೆಲಸ ಏನಾದ್ರೂ ಮಾಡ್ತೀರಾ?" ಎಂದು ಡಾಕ್ಟರಮ್ಮ ಕೇಳಿದ್ದರು. "ಪುಷ್-ಅಪ್," ಎಂದು ಇವಳು ಹೇಳಿದ್ದಳು. ಬೇರೇನೂ ಹೊಳೆದಿರಲಿಲ್ಲ. "ಹಾಗಾದ್ರೆ ಸ್ವಲ್ಪ ದಿನ ಅದನ್ನ ಬಿಡಿ." ಬಿಟ್ಟಳು. ಒಂದು ವಾರ ನೆಲದ ಕಡೆ ತಿರುಗಿಯೂ ನೋಡಲಿಲ್ಲ, ಬಿಡುವಾದಾಗಲೆಲ್ಲ ಮಗುವನ್ನೇ ಆಡಿಸಿದಳು. ನೋವು ಇಳಿಯುವ ಬದಲು ಏರಿತು. ಆಗ ಅವಳಿಗೆ ನಿಜವಾಗಿಯೂ ಹೆದರಿಕೆಯಾಯಿತು. ಪುಷ್-ಅಪ್ ಮಾಡಿದರೂ ನೋವು, ಬಿಟ್ಟರೂ ನೋವು ಎಂದರೆ ಈ ಕೈ ಇನ್ನು ಪೈಪು ಹಿಡಿಯುವ ಕೈಯಲ್ಲ ಎಂದೇ ಅರ್ಥವಲ್ಲವೇ?

ಹೆಂಡತಿ ಚಹಾ ಕುಡಿಯುವಾಗ ಎಡಗೈಯಲ್ಲಿ ಲೋಟ ಎತ್ತುವುದನ್ನು ನೋಡಿ ಟೈಲರು ಒಂದು ದಿನ ಟೇಪು ತಂದ. "ಕೈ ಕೊಡು."

"ಯಾಕೆ?"

"ಅಳತೆಗೆ. ಯಾಕೆ ಅಂತ ಗಿರಾಕಿ ಕೇಳಬಾರದು."

ಕಾಲರಿನೊಳಗೆ ಹಾಕುವ ಗಟ್ಟಿ ಬಟ್ಟೆ, ಒಳಗಡೆ ಮೆತ್ತಗಿನ ಹತ್ತಿಯ ಅಸ್ತರು, ಹೆಬ್ಬೆರಳಿಗೆ ಒಂದು ಪುಟ್ಟ ತೋಳು, ಬಿಗಿಯಲು ಎರಡು ಲಾಡಿ. ಸಂಜೆಯೊಳಗೆ ಮಣಿಕಟ್ಟಿನ ಪಟ್ಟಿಯೊಂದನ್ನು ಹೊಲಿದು ಕೊಟ್ಟ. ಹಾಕಿಕೊಂಡರೆ ಮೈಯಲ್ಲೇ ಬೆಳೆದ ಹಾಗಿತ್ತು. ಅಳತೆಯಲ್ಲಿ ಅವನು ತಪ್ಪಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡವರಿಲ್ಲ.

"ಇದಕ್ಕೆ ಜೇಬೊಂದು ಇಡಬೇಕಿತ್ತು," ಎಂದು ಅವಳು ಛೇಡಿಸಿದಳು.

"ಮುಂದಿನ ಸಲ," ಎಂದ ಅವನು, ಗಂಭೀರವಾಗಿ.

ಪಟ್ಟಿ ಕಟ್ಟಿಕೊಂಡರೆ ನೋವು ಕೊಂಚ ಅಡಗುತ್ತಿತ್ತು, ಬಿಚ್ಚಿದರೆ ಕಾದಿದ್ದವರ ಹಾಗೆ ಬಂದು ಕೂರುತ್ತಿತ್ತು. ಅಂಗೈ ಹೊರಕ್ಕೆ ತಿರುಗಿಸಿ ನೋಡಿದಳು, ಒಳಕ್ಕೆ ತಿರುಗಿಸಿ ನೋಡಿದಳು, ಎರಡು ಇಟ್ಟಿಗೆ ತಂದು ಅವುಗಳ ಮೇಲೆ ಕೈಯೂರಿ ನೋಡಿದಳು. ಒಂದು ಬೆಳಿಗ್ಗೆ ನೆಲದಲ್ಲೇ ಬೋರಲು ಮಲಗಿ, ಯಾರಿಗೂ ಕೇಳಿಸದ ಹಾಗೆ, ಟೆಲಿಫೋನ್ ಕೋಣೆಯ ಕುರ್ಚಿ, ಫ್ಯಾನಿನ ಬಗ್ಗೆ ಯೋಚಿಸಿದಳು.

ಅದೇ ದಿನ ಮಧ್ಯಾಹ್ನ ಮಗುವಿನ ಅಂಗಿಗೆ ಗುಂಡಿ ಹುಡುಕಲು ಮೇಜಿನ ಡ್ರಾಯರ್ ಎಳೆದಳು. ಗುಂಡಿ ಡಬ್ಬಿಯ ಹಿಂದೆ, ಸೀಮೆಸುಣ್ಣದ ಬಿಲ್ಲೆಗಳ ಅಡಿಯಲ್ಲಿ, ಇನ್ನೊಂದು ಪಟ್ಟಿ ಇತ್ತು. ಅದೇ ಬಟ್ಟೆ, ಅದೇ ಹೊಲಿಗೆ. ಬದಲಾಯಿಸಲು ಇರಲಿ ಎಂದು ಮಾಡಿಟ್ಟಿದ್ದಾನೆ, ಪಾಪ, ಎಂದು ಅವಳ ಕಣ್ಣು ತುಂಬಿತು. ಹಾಕಿಕೊಂಡಳು. ಬಳೆಯ ಹಾಗೆ ಸುತ್ತಲೂ ತಿರುಗಿತು. ಹೆಬ್ಬೆರಳಿನ ತೋಳಿನಲ್ಲಿ ಅವಳ ಎರಡು ಬೆರಳು ಹಿಡಿಸುತ್ತಿದ್ದವು. ಅಸ್ತರಿನ ಮೇಲೆ ಬೆವರಿನ ಕಲೆಯಿತ್ತು. ಅಂಚಿನಲ್ಲಿ ಸೀಮೆಸುಣ್ಣದ ನೀಲಿ.

ಆ ಪಟ್ಟಿಯನ್ನು ಬಿಚ್ಚದೆ ಅವಳು ಹಾಗೇ ಕುಳಿತಿದ್ದಳು. ಗಂಡ ಯಾರದೋ ಕೋಟು ಕೊಟ್ಟು ವಾಪಸ್ಸು ಬಂದು ಚಪ್ಪಲಿ ಬಿಟ್ಟ.

"ಕೈ ತೋರಿಸಿ."

"ಯಾವ ಕೈ?"

"ಕತ್ತರಿ ಹಿಡಿಯೋ ಕೈ."

ಅವನು ಅವಳ ಮಣಿಕಟ್ಟನ್ನು ನೋಡಿದ, ತೆರೆದ ಡ್ರಾಯರನ್ನು ನೋಡಿದ. ಬಲಗೈ ಮುಂದೆ ಚಾಚಿದ. ಹೆಬ್ಬೆರಳಿನ ಬುಡ ಅವನಿಗೂ ಊದಿಕೊಂಡಿತ್ತು. ಅವಳು ಅಲ್ಲಿ ಮೆಲ್ಲಗೆ ಒತ್ತಿದೊಡನೆ ಮೋರೆ ಹಿಂಡಿದ.

"ಎಷ್ಟು ದಿನದಿಂದ?"

"ನಿಂದು ಶುರುವಾದಾಗಿನಿಂದ ಅಂತಿಟ್ಕೋ."

"ಮತ್ತೆ ಬಾಯಲ್ಲಿ ಏನಿತ್ತು, ಗುಂಡುಪಿನ್ನಾ?"

"ಏನಂತ ಹೇಳಲಿ? ನೀನು ಬೆಂಕಿಗೆ ನುಗ್ಗೋಳು, ನೆಲ ಎತ್ತೋಳು. ನಿನಗೆ ಕೈನೋವು ಅಂದ್ರೆ ಮರ್ಯಾದೆ. ನಾನು ಕಾಜಾ ಹೊಲಿಯೋನು. ನನಗೂ ಅಂದ್ರೆ ನಗೆಪಾಟಲು." ಅವನು ತಗ್ಗಿದ ದನಿಯಲ್ಲಿ ಹೇಳಿದ: "ನಿನ್ನೆ ಕೋಟಿನ ಬಟ್ಟೆ ಕತ್ತರಿಸೋಕೆ ಆಗ್ಲಿಲ್ಲ ಕಣೇ. ಎರಡೂ ಕೈಯಲ್ಲಿ ಹಿಡಿದು ಕತ್ತರಿಸಿದೆ."

"ಆದ್ರೆ ನೀವು ಒಂದು ದಿನವೂ ಪುಷ್-ಅಪ್ ಮಾಡಿದವರಲ್ಲ!"

"ನೋಡ್ತಾ ಇದ್ನಲ್ಲ. ನೋಡಿ ನೋಡಿ ಅಂಟಿಕೊಂಡಿರಬೇಕು."

ತೊಟ್ಟಿಲಲ್ಲಿ ಸಿಲಿಂಡರ್ ರಾಗ ತೆಗೆದಳು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಎದ್ದು, ತೊಟ್ಟಿಲಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು ಒಟ್ಟಿಗೇ ಬಗ್ಗಿದರು. ನಾಲ್ಕು ಕೈಗಳೂ ಮಗುವಿನ ಕಂಕುಳ ಕಡೆ ಚಾಚಿದವು, ನಾಲ್ಕು ಹೆಬ್ಬೆರಳೂ ಅಗಲವಾಗಿ ಬಿಚ್ಚಿಕೊಂಡು, ಕತ್ತರಿ ಬಾಯಿ ತೆರೆದ ಹಾಗೆ. ಅಲ್ಲಿಗೆ ಇಬ್ಬರೂ ನಿಂತರು. ಅವಳು ಅವನ ಕೈ ನೋಡಿದಳು. ಅವನು ಅವಳ ಕೈ ನೋಡಿದ. ಮಗು ಅಳು ನಿಲ್ಲಿಸಿ ಇಬ್ಬರನ್ನೂ ನೋಡಿತು.

"ಇವಳಾ?" ಎಂದ ಅವನು.

"ಏನ್ರೋ ನಾಟಕ ನಿಮ್ಮದು, ಕೂಸು ಅಳ್ತಿದ್ರೆ," ಎನ್ನುತ್ತಾ ಬಂದ ಅತ್ತೆ ಇಬ್ಬರನ್ನೂ ಸರಿಸಿ ತೊಟ್ಟಿಲ ಪಕ್ಕ ಮಣೆಯ ಮೇಲೆ ಕುಳಿತರು. ಮಗುವನ್ನು ತಮ್ಮ ಕಡೆ ಹೊರಳಿಸಿ, ಒಂದು ಮುಂಗೈಯನ್ನು ಬೆನ್ನಿನಡಿಗೂ ಇನ್ನೊಂದನ್ನು ಕುಂಡೆಯಡಿಗೂ ಜಾರಿಸಿ, ಮಡಿಸಿದ ಹೊದಿಕೆ ಎತ್ತಿಕೊಳ್ಳುವ ಹಾಗೆ ಎದೆಗೆ ತಂದುಕೊಂಡರು. ಹೆಬ್ಬೆರಳಿಗೆ ಕೆಲಸವೇ ಇರಲಿಲ್ಲ.

"ಅತ್ತೆ, ನಿಮಗೆ ಕೈ ನೋಯಲ್ವಾ?"

"ಕೈ ಯಾಕೆ ನೋಯುತ್ತೆ? ಸೊಂಟ ಕೇಳು, ಹೇಳ್ತೀನಿ."

"ಹೀಗೆ ಎತ್ತೋದು ಎಲ್ಲಿ ಕಲಿತ್ರಿ?"

"ಕಲಿಯೋದೇನು ಮಣ್ಣು. ನಿಮ್ಮ ಹಾಗೆ ಬಗ್ಗೋಕಾಗಲ್ಲ, ಅದಕ್ಕೆ ಕೂತ್ಕೋತೀನಿ. ಕೂತ್ರೆ ಹೀಗೇ ಬರೋದು."

ಮರುದಿನ ಗಂಡ ಹೆಂಡತಿ ಇಬ್ಬರೂ ಡಾಕ್ಟರಮ್ಮನ ಮೇಜಿನ ಮೇಲೆ ಕೈ ಇಟ್ಟು ಕುಳಿತರು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಳ್ಳಲು ಹೇಳಿ ಡಾಕ್ಟರಮ್ಮ ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿದರು. ಮೊದಲು ಅವಳು ಚೀರಿದಳು, ಆಮೇಲೆ ಅವನು, ಅದೇ ಶ್ರುತಿಯಲ್ಲಿ.

"ಮಗು ಎಷ್ಟು ತಿಂಗಳದ್ದು?" ಎಂದು ಡಾಕ್ಟರಮ್ಮ ಕೇಳಿ, ಉತ್ತರಕ್ಕೂ ಕಾಯದೆ ನಕ್ಕರು. "ಇದನ್ನ ನಾನು ಮೊದಲ ದಿನವೇ ಕೇಳಬೇಕಿತ್ತು. ಮಗು ಎತ್ತಿ ಎತ್ತಿ ಹೆಬ್ಬೆರಳಿನ ಸ್ನಾಯುರಜ್ಜುಗಳಿಗೆ ಊತ ಬಂದಿದೆ, ಅಷ್ಟೆ. ಕೈ ಹಾಳಾಗಿಲ್ಲ. ಪಟ್ಟಿ ಚೆನ್ನಾಗಿದೆ, ಯಾರು ಹೊಲಿದದ್ದು? ಕಟ್ಟಿಕೊಂಡಿರಿ. ಎತ್ತೋ ರೀತಿ ಬದಲಾಯಿಸಿ. ನೋವು ಇಳಿದ ಮೇಲೆ ಗೋಡೆಗೆ ಕೈಯೂರಿ ಶುರುಮಾಡಿ. ನೆಲಕ್ಕೆ ಬಂದಾಗ ಮಣಿಕಟ್ಟು ಮಡಿಸದೆ ಮುಷ್ಟಿಯ ಮೇಲೆ ಮಾಡಿ ನೋಡಿ. ಅವಸರ ಬೇಡ."

ಅಂದಿನಿಂದ ಆ ಮನೆಯಲ್ಲಿ ಅತ್ತೆ ಮೇಷ್ಟರಾದರು. "ಹೆಬ್ಬೆರಳು!" ಎಂದು ಅಡುಗೆಮನೆಯಿಂದಲೇ ಗದರುತ್ತಿದ್ದರು. ನೋಡಿರುತ್ತಿರಲಿಲ್ಲ, ಆದರೂ ಹತ್ತಕ್ಕೆ ಎಂಟು ಸಲ ಸರಿಯಾಗಿರುತ್ತಿತ್ತು. ಮಗ ತಪ್ಪಿದರೆ ಹೆಚ್ಚು ಬೈಗುಳ, ಸೊಸೆ ತಪ್ಪಿದರೆ ಬರೀ ನಿಟ್ಟುಸಿರು.

ನೋವು ಬಾಡಿಗೆ ಮನೆ ಬಿಡದವರ ಹಾಗೆ ಇಂದು ನಾಳೆ ಎನ್ನುತ್ತ ಮೆಲ್ಲಗೆ ಹೊರಟಿತು. ಅವಳು ಗೋಡೆಗೆ ಕೈ ಕೊಟ್ಟು ಶುರುಮಾಡಿದಳು. ಆಮೇಲೆ ಕತ್ತರಿಸುವ ಮೇಜಿಗೆ ಬಂದಳು, ಆಮೇಲೆ ಮೆಷಿನ್ನಿನ ಮುಂದಿನ ಬೆಂಚಿಗೆ. ಕೊನೆಗೆ ನೆಲಕ್ಕೆ ಇಳಿದ ದಿನ, ಅವಳ ಗೆಣ್ಣುಗಳಡಿಗೆ ಟೈಲರು ಕೋಟಿನ ಬಟ್ಟೆಯ ತುಂಡೊಂದನ್ನು ನಾಲ್ಕು ಪದರ ಮಡಿಸಿ ಇಟ್ಟ. ಅವಳು ಇಳಿದಳು. ಎದ್ದಳು. ಮಣಿಕಟ್ಟು ಏನೋ ಗೊಣಗಿತು, ಕೂಗಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಠಾಣೆಯ ಅಂಗಳದಲ್ಲಿ ಓಟ ಮುಗಿದು, ಹಗ್ಗ ಮುಗಿದು, ಏಣಿ ಮುಗಿಯಿತು. ಠಾಣಾಧಿಕಾರಿಯ ಕೊರಳಲ್ಲಿ ಯಾವಾಗಲೂ ಸೀಟಿ ತೂಗುತ್ತಿದ್ದುದರಿಂದ ಎಲ್ಲರೂ ಬೆನ್ನ ಹಿಂದೆ ಅವರನ್ನು ಪೀಪಿ ಎನ್ನುತ್ತಿದ್ದರು. ಅವರು ತಮ್ಮ ಟೋಪಿ ತೆಗೆದು ಸಿಮೆಂಟಿನ ಮೇಲೆ ಇಟ್ಟರು.

"ಸರ್, ಮುಷ್ಟಿಯ ಮೇಲೆ ಮಾಡಬಹುದಾ?" ಎಂದು ಅವಳು ಕೇಳಿದಳು. ಬೇಡವೆಂದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ನೀನು ಮೂಗಿನ ಮೇಲೆ ಮಾಡಮ್ಮ, ನನಗೇನು? ಎದೆ ಟೋಪಿಗೆ ತಾಗಬೇಕು. ಟೋಪಿ ಚಪ್ಪಟೆ ಆಗಬಾರದು. ಕೈ ಪೂರ್ತಿ ನೆಟ್ಟಗಾಗಬೇಕು. ಇಷ್ಟೇ ನಿಯಮ."

ಸೀಟಿ ಕೂಗಿತು. ಸಿಮೆಂಟು ಕೋಟಿನ ಬಟ್ಟೆಯಷ್ಟು ಮೆತ್ತಗಿರಲಿಲ್ಲ, ಗೆಣ್ಣುಗಳು ಉರಿದವು. ಅದು ಬೇರೆ ನೋವು, ಅವಳಿಗೆ ಗೊತ್ತಿದ್ದ ನೋವು. ಟೋಪಿಯ ಬಟ್ಟೆ ಎದೆಗೆ ತಾಗಿ ಬಿಡುತ್ತಿತ್ತು, ತಾಗಿ ಬಿಡುತ್ತಿತ್ತು. ಕೊನೆಯ ಕೆಲವಕ್ಕೆ ತೋಳು ನಡುಗಿತು. ಅವಳು ಮಣಿಕಟ್ಟಿನ ಮಾತಿಗಾಗಿ ಕಿವಿಗೊಟ್ಟು ಕಾದಳು. ಅದು ಸುಮ್ಮನಿತ್ತು. ಮತ್ತೆ ಸೀಟಿ.

ಪೀಪಿ ಟೋಪಿ ಎತ್ತಿ ಹೊರಗೆ ನೋಡಿದರು, ಒಳಗೆ ನೋಡಿದರು, ಧೂಳು ತಟ್ಟಿ ತಲೆಗಿಟ್ಟುಕೊಂಡರು.

"ನಿನ್ನ ಬೂಟು ಎಲ್ಲಿದೆ?"

"ಅಲ್ಲೇ ಇದೆ ಸರ್, ಎಂಜಿನ್ ಪಕ್ಕ. ತೆಗೆದಿರಲಿಲ್ಲ."

"ಒಳಗೆ ಜೇಡ ಗೂಡು ಕಟ್ಟಿರುತ್ತೆ. ಒದರಿ ಹಾಕ್ಕೋ."

ಅವಳು ಬೂಟು ಒದರಿಟ್ಟು ಆಗಲೇ ಮೂರು ದಿನವಾಗಿತ್ತು. ಮನೆಯ ಹಿತ್ತಲಿನ ಹಗ್ಗದ ಮೇಲೆ, ಸಿಲಿಂಡರಿನ ಅಂಗಿಗಳ ನಡುವೆ, ಒಗೆದ ಎರಡು ಪಟ್ಟಿಗಳು, ಒಂದು ದೊಡ್ಡದು, ಒಂದು ಚಿಕ್ಕದು, ಒಣಗುತ್ತಿದ್ದವು. ಅಂದು ಮಧ್ಯಾಹ್ನ ಠಾಣೆಯ ಗಂಟೆ ಹೊಡೆಯಿತು. ಗೋದಾಮೊಂದರಲ್ಲಿ ಬೆಂಕಿ, ಮಾಳಿಗೆಯಲ್ಲಿ ಇಬ್ಬರು ಕೂಲಿಯವರು.

ಎಂಜಿನ್ ಮರಳಿ ಬಂದಾಗ ಬಿಸಿಲು ಇಳಿದಿತ್ತು. ಹುಡುಗರು ಧುಮುಕಿ ಪೈಪು ಎಳೆಯತೊಡಗಿದರು, ಒಬ್ಬ ಚಹಾಕ್ಕೆ ಕೂಗಿದ. ಅವಳು ಹೆಲ್ಮೆಟ್ಟನ್ನೂ ತೆಗೆಯದೆ ನೇರ ಟೆಲಿಫೋನ್ ಕೋಣೆಗೆ ನಡೆದಳು. ಕುರ್ಚಿಯಲ್ಲಿದ್ದವನು ನಿನ್ನೆಯವರೆಗೆ ಅವಳ ಸೀಟಿನಲ್ಲಿದ್ದ ಪಕ್ಕದ ಠಾಣೆಯವನು. ಮೇಜಿನ ಮೇಲೆ ಕೈ ಕಟ್ಟಿಕೊಂಡು, ಫೋನನ್ನೇ ನೋಡುತ್ತಾ ಕುಳಿತಿದ್ದ.

"ಇಬ್ಬರೂ ಚೆನ್ನಾಗಿದ್ದಾರೆ," ಎಂದಳು ಅವಳು. "ಒಬ್ಬನಿಗೆ ಕೆಮ್ಮು, ಅಷ್ಟೆ."

ಅವನು ಕಟ್ಟಿದ ಕೈ ಬಿಚ್ಚಿದ.

ಅವಳು ಪೈಪು ತೊಳೆಯಲು ಹೊರಟಳು. ಎಂಜಿನ್ನಿನಿಂದ ಆ ಬಾಗಿಲವರೆಗೆ ಒದ್ದೆ ಬೂಟಿನ ಗುರುತುಗಳು ಹೋಗಿದ್ದವು, ಮರಳಿದ್ದವು. ಬಿಸಿ ಸಿಮೆಂಟಿನ ಮೇಲೆ ಅಂಚಿನಿಂದ ಒಣಗುತ್ತಾ ಇನ್ನೂ ಕಾಣುತ್ತಿದ್ದವು.