ಎಡಗೈಯ ಗೀರು

ಎಡಚ ಬ್ಲೇಡು ಮುಟ್ಟಿ ನಾಲ್ಕು ವರ್ಷವಾಗಿತ್ತು. ಬ್ಲೇಡು ಮುಟ್ಟದೆ ಚೀಲ ರಿಪೇರಿ ಅಂಗಡಿಯಲ್ಲಿ ಕೆಲಸ ಸಾಗುತ್ತದೆಯೇ ಎಂದು ನೀವು ಕೇಳಬಹುದು. ಸಾಗುವುದಿಲ್ಲ. ಹಳೆಯ ಹೊಲಿಗೆ ಬಿಚ್ಚುವಾಗಲೆಲ್ಲ ಅವನು ಕತ್ತರಿಯ ತುದಿಯಲ್ಲಿ ಒದ್ದಾಡುತ್ತಿದ್ದ, ಅಂಗಡಿಯ ಯಜಮಾನರಾದ ಮಾಸ್ಟರ್ ಬೈಯುತ್ತಿದ್ದರು, ಇವನು ಹಲ್ಲು ಕಿರಿಯುತ್ತಿದ್ದ. ಬಸ್ಸುಗಳಲ್ಲಿ ಹೆಂಗಸರ ಚೀಲ ಕೊಯ್ದು ಜೈಲು ಕಂಡು ಬಂದವನು ಎಂಬುದು ಮಾಸ್ಟರಿಗೆ ಗೊತ್ತಿತ್ತು. ಕೆಲಸ ಕೊಡುವಾಗ ಒಂದೇ ಕರಾರು ಹಾಕಿದ್ದರು.

"ಗಿರಾಕಿಗಳ ಮುಂದೆ ನಿನ್ನ ಹಳೇ ಪುರಾಣ ಬಿಚ್ಬೇಡ. ಬಿಚ್ಚಿದ್ಯೋ, ಅವತ್ತೇ ಗಂಟುಮೂಟೆ ಕಟ್ಟು."

ಆ ಬೆಳಿಗ್ಗೆ ಒಬ್ಬ ನರ್ಸು ಕಂದು ಬಣ್ಣದ ಚರ್ಮದ ಚೀಲ ತಂದು ಮೇಜಿನ ಮೇಲಿಟ್ಟಳು. ತಳದ ಹತ್ತಿರ ಗೇಣುದ್ದದ ಗೀರು. ಎಡಚ ಬಗ್ಗಿ ನೋಡಿದ. ಬಲಗೈಯವರ ಗೀರು ಒಂದು ಕಡೆ ವಾಲುತ್ತದೆ. ಇದು ಇನ್ನೊಂದು ಕಡೆ ವಾಲಿತ್ತು. ತುದಿಯಲ್ಲಿ ಕೊಕ್ಕೆಯ ಹಾಗೆ ಮೇಲಕ್ಕೆ ತಿರುಗಿತ್ತು, ಒಳಗಿನದು ನೆಲಕ್ಕೆ ಬೀಳದೆ ಅಂಗೈಗೆ ಜಾರಲಿ ಅಂತ. ಆ ಕೊಕ್ಕೆ ಅವನ ಸ್ವಂತ ವಿದ್ಯೆ. ಅದರ ಬಗ್ಗೆ ಒಂದು ಕಾಲದಲ್ಲಿ ಜಂಬ ಬೇರೆ ಕೊಚ್ಚಿಕೊಂಡಿದ್ದ, ದರಿದ್ರದವನು.

"ಏಳು ವರ್ಷದಿಂದ ಹೀಗೇ ಇಟ್ಟಿದ್ದೆ," ಎಂದಳು ನರ್ಸು. "ಈಗ ಮಗಳು ಕಾಲೇಜಿಗೆ ಬೇಕು ಅಂತಾಳೆ. ಇದ್ರಲ್ಲಿ ನಮ್ಮಮ್ಮನ ಕಿವಿಯೋಲೆ ಇತ್ತು. ಬಸ್ಸಲ್ಲಿ ಚೀಲ ಅತ್ತಿಗೆ ತೊಡೆ ಮೇಲಿತ್ತು. ಇಳಿದು ನೋಡಿದ್ರೆ ಓಲೆ ಇಲ್ಲ. ಓಲೆ ನೀವೇ ತಗೊಂಡು, ಕಳ್ಳತನ ಅಂತ ತೋರ್ಸೋಕೆ ಚೀಲ ಕೊಯ್ದಿದೀರ ಅಂತ ಅತ್ತಿಗೆಗೆ ಅಂದ್ಬಿಟ್ಟೆ. ಅಣ್ಣಾನೂ ನನ್ನ ಮಾತೇ ಕಟ್ಕೊಂಡ. ಅವತ್ತಿಂದ ಅತ್ತಿಗೆ ಬೇರೆ ಮನೇಲಿ ಒಬ್ಬರೇ ಇದಾರೆ."

ಮಾಸ್ಟರ್ ಚೀಲವನ್ನು ಎಡಚನತ್ತ ತಳ್ಳಿದರು. "ಹೊಲಿ."

ಹೊಲಿದುಬಿಟ್ಟರೆ ಗೀರು ಮುಚ್ಚಿಹೋಗುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತದೆ. ಎಡಚ ಸೂಜಿಗೆ ದಾರ ಪೋಣಿಸಲು ನೋಡಿದ. ಮೊದಲ ಸಲ ತಪ್ಪಿತು, ಎರಡನೇ ಸಲವೂ ತಪ್ಪಿತು. ಎಷ್ಟೋ ಚೀಲ ಕೊಯ್ದಿದ್ದ. ಅದರ ಜೊತೆಗೆ ಇನ್ನೇನು ಕೊಯ್ದೆ ಎಂದು ಒಂದು ದಿನವಾದರೂ ಯೋಚಿಸಿದ್ದರೆ ಕೇಳಿ. ನಾಚಿಕೆಯಿಂದ ಅವನ ಕಿವಿ ಸುಡತೊಡಗಿತು.

"ಅಕ್ಕಾ, ಇದನ್ನ ಕೊಯ್ದಿದ್ದು ನಾನು."

ಮಾಸ್ಟರ ಮಷಿನ್ ನಿಂತಿತು. ನರ್ಸು ನಂಬಲಿಲ್ಲ, ನಂಬಿದರೆ ತನ್ನ ಗತಿ ಏನು ಎಂದು ಅವಳಿಗೆ ಹೊಳೆದಿರಬೇಕು.

"ತಮಾಷೆ ಮಾಡ್ಬೇಡಪ್ಪ."

ಎಡಚ ಮಾಸ್ಟರ ಡ್ರಾಯರಿನಿಂದ ಬ್ಲೇಡು ತೆಗೆದ. ಒಂದು ಚರ್ಮದ ಚೂರು ಹಿಡಿದು ಎಡಗೈಯಿಂದ ಸರ್ರನೆ ಎಳೆದ. ತುದಿಗೆ ಕೊಕ್ಕೆ. ಚೂರನ್ನು ಚೀಲದ ಪಕ್ಕದಲ್ಲಿಟ್ಟ. ಎರಡೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ನಾಲ್ಕು ವರ್ಷವಾದರೂ ಕೈ ಏನನ್ನೂ ಮರೆತಿರಲಿಲ್ಲ. ಅವನಿಗೆ ತನ್ನ ಕೈಯ ಮೇಲೇ ಹೇಸಿಗೆ ಹುಟ್ಟಿತು.

ನರ್ಸು ಬಿಳಿಚಿಕೊಂಡಳು. "ಬಾ. ಇದನ್ನ ಅತ್ತಿಗೆ ಮುಂದೆ ಹೇಳು."

"ಹೋಗು," ಎಂದರು ಮಾಸ್ಟರ್, ಅವನ ಮುಖ ನೋಡದೆ. "ಮತ್ತೆ ಇತ್ತ ಬರ್ಬೇಡ."

ಎರಡು ಬೀದಿ ದಾಟಿ, ಮೂರನೇ ಮಹಡಿ. ಮೆಟ್ಟಿಲು ಹತ್ತುವಾಗ ಎಡಚನಿಗೆ ಒಳಗೊಳಗೇ ಒಂದು ಆಸೆ ಇತ್ತು: ತಾನು ನಿಜ ಹೇಳುತ್ತೇನೆ, ಇವರಿಬ್ಬರೂ ತಬ್ಬಿಕೊಂಡು ಅಳುತ್ತಾರೆ, ಸಿನಿಮಾದ ಕೊನೆಯ ಸೀನಿನಂತೆ ತಾನು ಹಗುರಾಗಿ ಇಳಿದು ಹೋಗುತ್ತೇನೆ. ಆಸೆಗೇನು, ಕೆಟ್ಟವರಿಗೂ ಬರುತ್ತದೆ.

ಬಾಗಿಲು ತೆರೆದ ಹೆಂಗಸಿನ ಕೈಯಲ್ಲಿ ನೆಲ ಒರೆಸುವ ಒದ್ದೆ ಬಟ್ಟೆಯಿತ್ತು. ಎಡಚ ಚೀಲವನ್ನೂ ಚೂರನ್ನೂ ಮುಂದೆ ಚಾಚಿ, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದ. ಅವಳು ಗೀರಿನತ್ತ ಕಣ್ಣೂ ಹಾಯಿಸಲಿಲ್ಲ. ನಾದಿನಿಯನ್ನೇ ನೋಡಿದಳು.

"ಈ ಕಳ್ಳನ ಮಾತನ್ನ ನೀನು ಅರ್ಧ ಗಂಟೇಲಿ ನಂಬ್ದೆ," ಎಂದಳು. "ನಾನು ಏಳು ವರ್ಷ ಹೇಳ್ದೆ."

ನರ್ಸು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ಎಡಚನಿಗೆ. ಅತ್ತಿಗೆ ಬಾಗಿಲು ಮುಚ್ಚಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ. ಚೀಲವನ್ನು ಯಾರೂ ತೆಗೆದುಕೊಳ್ಳದೆ, ಅದು ಅವನ ಕೈಯಲ್ಲೇ ಉಳಿಯಿತು.