ಹಾಲುಗಣ್ಣಿನ ಮನೆ

ಅಶ್ವಿನಿಯ ಮಗನಿಗೆ ಮೂರು ತಿಂಗಳು ತುಂಬಿದ್ದರಿಂದ ತೂಕ ನೋಡಲು ಹೋಗಿದ್ದೆ. ಆರು ಕೇಜಿಗೆ ಸ್ವಲ್ಪ ಕಡಿಮೆ ಬಂತು. ಅವಳ ಅತ್ತೆ ರಾಜಲಕ್ಷ್ಮಮ್ಮ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮಾವ ದೊಡ್ಡರಂಗಪ್ಪ ಜಗುಲಿಯ ಮೇಲೆ ರೇಡಿಯೋ ಕೇಳುತ್ತಿದ್ದರು. ಮಗು ತಿರುಗುವ ಫ್ಯಾನು ನೋಡಿ ಕಾಲು ಬಡಿಯುತ್ತಿತ್ತು. ಯಾವ ಮನೆಯಲ್ಲಾದರೂ ಕಾಣುವಂಥ ಬೆಳಗು. ಆದರೆ ಅಶ್ವಿನಿ ನನ್ನ ಸೆರಗು ಹಿಡಿದವಳು ಬಿಡಲೇ ಇಲ್ಲ.

“ಅಕ್ಕಾ, ಸೋಮವಾರ ಕಣ್ಣು ತುಂಬ್ತಾರಂತೆ. ನಂಗೆ ಕೈಕಾಲೇ ಆಡ್ತಿಲ್ಲ,” ಎಂದಳು.

ನಾನು ರಾಮಾಂಜಿನಮ್ಮ, ಐ.ಡಿ.ಹಳ್ಳಿಯಿಂದ ನಾಲ್ಕು ಮೈಲಿ ಒಳಗಿರುವ ಈ ಊರಿನ ಅಂಗನವಾಡಿ ಕಾರ್ಯಕರ್ತೆ. ದೊಡ್ಡರಂಗಪ್ಪನವರದು ಹಾಲುಗಣ್ಣಿನ ಮನೆ. ಅಲ್ಲಿ ಹಿರಿಯ ಗಂಡುಮಗನ ಕಣ್ಣು ಹಾಲಿನಂತೆ ಬೆಳ್ಳಗಿರುತ್ತದೆ. ಅವನೇ ಯಜಮಾನ, ಊರಿಗೂ ದೊಡ್ಡವನು. ಕರಿಗಣ್ಣಿನ ತಮ್ಮಂದಿರು ಅವನೆದುರು ಕುರ್ಚಿಯಲ್ಲಿ ಕೂರುವಂತಿಲ್ಲ. ದೇವರೇ ಕೊಟ್ಟ ಕಣ್ಣು ಎಂದು ಜನ ಕೈ ಮುಗಿಯುತ್ತಾರೆ. ದೇವರು ಕೊಟ್ಟದ್ದೇನೂ ಅಲ್ಲ. ಮೂರು ತಿಂಗಳ ಕೂಸಿನ ಕಣ್ಣಿಗೆ ಒಂದು ಗಿಡದ ಹಾಲು ಬಿಟ್ಟು, ಬಟ್ಟೆ ಕಟ್ಟಿ, ಏಳು ದಿನ ಕೋಣೆಯಲ್ಲಿಡುತ್ತಾರೆ. ಬಟ್ಟೆ ಬಿಚ್ಚಿದಾಗ ಕಣ್ಣು ಬೆಳ್ಳಗಾಗಿರುತ್ತದೆ. ಗಿಡದ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ.

‘ಕುರುಡು’ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡರು. ಯಜಮಾನರು ಕಂಡಕಂಡದ್ದನ್ನೆಲ್ಲ ನೋಡುವವರಲ್ಲ ಎನ್ನುತ್ತಾರೆ. ಹೊರಗೆ ಹೊರಟರೆ ಮುಂದೊಬ್ಬ ಆಳು ನಡೆಯಬೇಕು, ಅದು ದೊಡ್ಡಸ್ತಿಕೆಯಂತೆ. ದೊಡ್ಡರಂಗಪ್ಪನವರಂತೆ ಅವರ ಹಿರಿಯ ಮಗ ಜಯಕುಮಾರ್‌ಗೂ ಹಾಲುಗಣ್ಣು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಆಳು ಬರುವ ಮೊದಲೇ ಒಬ್ಬನೇ ಹೊರಟು ತೋಟದ ಬಾವಿಗೆ ಬಿದ್ದು ಸತ್ತ. ಊರಿನ ದೃಷ್ಟಿ ತಾಗಿತು ಎಂದರು. ಉಳಿದವನು ಅಶ್ವಿನಿಯ ಗಂಡ ನವೀನ್ ಕುಮಾರ್. ಅವನು ಕರಿಗಣ್ಣಿನವನು, ಹಾಗಾಗಿ ಲೆಕ್ಕಕ್ಕಿಲ್ಲ. ಈಗ ಯಜಮಾನಿಕೆಗೆ ಅವನ ಮಗನ ಕಣ್ಣು ಬೇಕಾಗಿತ್ತು. ಸಿರಾದಿಂದ ಮದುವೆಯಾಗಿ ಬಂದ ಅಶ್ವಿನಿಗೆ ಇದೆಲ್ಲ ತಿಳಿದದ್ದು ಬಾಣಂತನದಲ್ಲೇ.

ನಾನು ಹಿತ್ತಲಿಗೆ ಹೋದೆ.

“ಅಮ್ಮಾ, ಅದು ಕಣ್ಣು ಸುಡೋ ಹಾಲು. ಮಗ ಕುರುಡಾಗ್ತಾನೆ.”

“ಬಾಯ್ ಮುಚ್ಚು ರಾಮಾಂಜಿನಮ್ಮ. ಊರ್ನಾಗೆ ಎಲ್ಲರ್ಗೂ ಕಣ್ಣೈತೆ, ಏನ್ ಕಡಿದು ಕಟ್ಟೆ ಹಾಕವ್ರೆ? ಹಾಲುಗಣ್ಣಿಗೆ ಜನ ಕೈ ಮುಗೀತಾರೆ ಕಣಮ್ಮ.”

“ಜಯಕುಮಾರ ಬಾವಿಗೆ ಬಿದ್ದಾಗ ಆ ಕೈ ಮುಗಿದೋರೆಲ್ಲ ಎಲ್ಲೋಗಿದ್ರು?”

ಅವರ ಕೈ ಹುಣಸೆಹಣ್ಣಿನ ಮೇಲೆ ನಿಂತುಬಿಟ್ಟಿತು. ಮತ್ತೆ ಬೀಜ ಬಿಡಿಸತೊಡಗುತ್ತ, “ನಿನ್ನ ಅಂಗನವಾಡಿ ನಡೀತಿರೋದು ನಮ್ಮ ಕಟ್ಟಡದಾಗೆ. ಗ್ಯಾಪ್ಕ ಇಟ್ಕೊ,” ಎಂದರು.

ನನಗೆ ಹೆದರಿಕೆಯಾಯಿತು. ಎದ್ದು ಮನೆಗೆ ಬಂದುಬಿಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಎರಡು ದಿನ ಆ ಬೀದಿಗೇ ಹೋಗಲಿಲ್ಲ. ಆಮೇಲೆ ತಿಳಿಯಿತು, ಆ ಮನೆಯಲ್ಲಿ ಅಶ್ವಿನಿಯ ಫೋನು ಕಿತ್ತುಕೊಂಡಿದ್ದರು, ಗೇಟಿಗೆ ಬೀಗ ಬಿದ್ದಿತ್ತು. ಮೊಲೆ ಕುಡಿಸುವ ಹೊತ್ತು ಬಿಟ್ಟರೆ ಮಗು ಅಜ್ಜಿಯ ಮಡಿಲಲ್ಲೇ. ಸೋಮವಾರ ಬೆಳಗ್ಗೆ ಕೊನೆಗೂ ಧೈರ್ಯ ಮಾಡಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಹೊರಟೆವು ಎಂದರು. ಆದರೆ ಅವರು ಮಧುಗಿರಿಯಿಂದ ಬರಬೇಕು, ಶಾಸ್ತ್ರ ಹತ್ತು ಗಂಟೆಗೆ.

ನಾನು ಹೋಗುವಷ್ಟರಲ್ಲಿ ಗೇಟು ತೆಗೆದಿದ್ದರು, ಪಡಸಾಲೆ ತುಂಬ ಜನ. ಸಹಾಯವಾಣಿಯವರು ಇನ್ನೂ ಬಂದಿರಲಿಲ್ಲ. ದೊಡ್ಡರಂಗಪ್ಪನವರ ಎಡಗೈಯಲ್ಲಿ ಬೆಳ್ಳಿ ಬಟ್ಟಲು, ಬಲಗೈ ಬೆರಳು ಆ ಹಾಲಿನಲ್ಲಿ. ಬೆರಳಿಗೆ ದಾರಿ ತೋರಿಸಲು ರಾಜಲಕ್ಷ್ಮಮ್ಮ ಪಕ್ಕದಲ್ಲೇ ಇದ್ದರು. ಅಶ್ವಿನಿ ಮಗುವನ್ನು ಎದೆಗವಚಿಕೊಂಡು ಬಂದಳು.

“ಮಗೀನ ಅವರ ತೊಡೆ ಮ್ಯಾಲೆ ಮಲಗ್ಸು,” ಎಂದರು ಅತ್ತೆ.

“ಮಲಗ್ಸಲ್ಲ ಅತ್ತೆ.”

ರಾಜಲಕ್ಷ್ಮಮ್ಮ ಮಗನತ್ತ ತಿರುಗಿದರು.

“ಲೇ ನವೀನ, ಕೇಳುದ್ಯೇನ್ಲಾ ನಿನ್ನೆಂಡ್ತಿ ಮಾತ? ಕಿತ್ಕೊಂಡು ಬಾ ಮಗೀನ!”

ನವೀನ್ ಎದ್ದ. ಅವನು ನಡೆದು ಬಂದು ಹೆಂಡತಿಗೂ ಅವ್ವನಿಗೂ ನಡುವೆ ನಿಂತ. ಅಲ್ಲಿಂದ ಕದಲಲಿಲ್ಲ.

“ಮಾವ,” ಎಂದಳು ಅಶ್ವಿನಿ, “ಇವ್ನಿಗೆ ನನ್ನ ಮುಖ ಗುರ್ತು ಸಿಗುತ್ತೆ. ಈಗ ನಿಮ್ಮನ್ನೇ ನೋಡಿ ನಗ್ತಾವ್ನೆ. ಅದನ್ನ ಕಿತ್ಕೊಬ್ಯಾಡಿ.”

ದೊಡ್ಡರಂಗಪ್ಪನವರ ಕೈ ಹಾಗೇ ನಿಂತಿತು. “ನನ್ನ ನೋಡಿ ನಗ್ತಾನಾ?”

“ಊಂ ಮಾವ.”

“ಸುಮ್ಕಿರಿ, ಜನ ಅವ್ರೆ,” ಎಂದು ರಾಜಲಕ್ಷ್ಮಮ್ಮ ಗಂಡನ ಮಣಿಕಟ್ಟು ಹಿಡಿದರು. ಅವರು ಬಿಡಿಸಿಕೊಂಡರು.

“ಜನ ಇರ್ಲಿ ಬುಡು. ನಂಗೆ ಕಣ್ಣು ಕಾಣಾಕಿಲ್ಲ. ನನ್ನ ಮಕ್ಕಳ ಮುಖ ಹೆಂಗಿತ್ತು ಅಂತ ನಂಗೊತ್ತಿಲ್ಲ.”

ಹತ್ತಿರ ನಿಂತಿದ್ದ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೊಡ್ಡರಂಗಪ್ಪನವರು ತಡಕಾಡುತ್ತ ಬಟ್ಟಲನ್ನು ನೆಲಕ್ಕಿಟ್ಟು ಎರಡೂ ಕೈ ಚಾಚಿದರು. “ಕೊಡವ್ವ, ಒಂದ್ಸಲ ಮುಖ ಮುಟ್ಟಿ ನೋಡ್ತೀನಿ.”

ಬೆರಳ ತುದಿಯಲ್ಲಿ ಹಾಲು ಇನ್ನೂ ಹಸಿಯಾಗಿತ್ತು. ಅಶ್ವಿನಿ ಒಂದು ಹೆಜ್ಜೆ ಹಿಂದೆ ಸರಿದಳು.

“ಮೊದ್ಲು ಕೈ ತೊಳ್ಕಳಿ ಮಾವ.”

ಹಾಲುಗಣ್ಣಿನ ಯಜಮಾನನಿಗೆ ಇಂಥ ಮಾತನ್ನು ಆ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಅವರು ಎದ್ದರು. ಬಚ್ಚಲಿಗೆ ಕರೆದೊಯ್ದು ನಾನೇ ನೀರು ಹಾಕಿದೆ. ಸೋಪು ಹಚ್ಚಿ ಉಜ್ಜಿಕೊಂಡು, “ಸಾಕೇನವ್ವ?” ಎಂದು ಕೇಳಿದರು.

“ಸಾಲ್ದು ಮಾವ,” ಎಂದಳು ಅಶ್ವಿನಿ, ಬಾಗಿಲಲ್ಲೇ ನಿಂತು.

ಅವರು ಮತ್ತೆ ಕೈ ಚಾಚಿದರು. ನಾನು ಇನ್ನೊಂದು ಚೊಂಬು ನೀರು ಹಾಕಿದೆ.