ಹ್ಯೂಯಿ ಕೊಟ್ಟ ದೋಣಿ

ಗುಂಡಿ ಮೊಣಕಾಲುದ್ದ ಇಳಿಯುವಷ್ಟರಲ್ಲಿ ಫಿಂಟನ್‌ನ ಹಾರೆ ಮತ್ತೆ ಕಲ್ಲಿಗೆ ತಗುಲಿತು. ಮೇಲೆ ನಿಂತಿದ್ದ ಮಾರ್ಟಿ ಬಗ್ಗಿ ನೋಡಿದ.

"ಸತ್ತ ಮೇಲೂ ಹ್ಯೂಯಿಗೆ ಸುಲಭ ಆಗ್ಲಿಲ್ಲ ನೋಡು. ಈ ಮೂಲೆ ಪೂರ್ತಿ ಕಲ್ಲೇ."

"ಜಾಗ ಆದ್ರೂ ಬೇರೆ ಸಿಗ್ಲಿಲ್ವಾ ಮಾರಾಯ?" ಎಂದ ಲಾರ್. ಅವನು ಗೋರಿಕಲ್ಲೊಂದಕ್ಕೆ ಒರಗಿ ಸಿಗರೇಟು ಹಚ್ಚುತ್ತಿದ್ದ. "ನಾಲ್ಕು ಹೆಜ್ಜೆ ಆಚೆ ಆ ಹುಡುಗ ಮಲಗಿದಾನೆ."

"ಹ್ಯೂಯಿಯ ಕ್ಯಾಡನ್ ಮನೆತನದವರ ಜಾಗ ಇದು, ಅವರಜ್ಜನ ಕಾಲದಿಂದ. ಹ್ಯೂಯಿ ಏನು ಆರಿಸ್ಕೊಂಡು ಬಂದ್ನಾ?"

"ಅದೂ ಸರಿ. ಆದ್ರೆ ಟೆಸ್ ಬರಲ್ಲ ಬಿಡು."

"ಬರ್ತಾಳಾ? ಮಗನ ಕೈಗೆ ದೋಣಿ ಕೊಟ್ಟು ಸಾಯಿಸಿದವನ ಮಣ್ಣಿಗೆ ಯಾವ ತಾಯಿ ಬರ್ತಾಳೆ?"

ಫಿಂಟನ್ ತಲೆ ಎತ್ತಲಿಲ್ಲ. ಕಲ್ಲಿನ ಸುತ್ತ ಮಣ್ಣು ಬಿಡಿಸಿ, ಎರಡೂ ಕೈ ಹಾಕಿ ಅದನ್ನು ಎತ್ತಿ ಮೇಲಕ್ಕೆ ಎಸೆದ. ಅವನಿಗೀಗ ನಲವತ್ತೆಂಟು. ದಿಬ್ಬದ ಕೆಳಗೆ ಶೀಲಿನ್ ಸರೋವರ ಬೂದಿಬಣ್ಣದಲ್ಲಿ ಹರಡಿಕೊಂಡಿತ್ತು. ಮೇ ತಿಂಗಳ ಕೊನೆಯ ವಾರ. ನೀರಿನಿಂದ ನೊಣ ಏಳುವ ಕಾಲ, ಅದನ್ನು ತಿನ್ನಲು ಟ್ರೌಟ್ ಮೀನು ಮೈಮರೆತು ಮೇಲೆ ಬರುವ ಕಾಲ. ಡಬ್ಲಿನ್‌ನಿಂದ ಬಂದವರ ದೋಣಿಗಳು ಬೆಳಗ್ಗೆಯೇ ಚರ್ಚ್ ದ್ವೀಪದ ಸುತ್ತ ಸೇರಿದ್ದವು.

ಹತ್ತು ಗಂಟೆಗೆ ಅವನು ಕೈ ತೊಳೆದು, ಕರಿ ಕೋಟು ಹಾಕಿಕೊಂಡು ಹ್ಯೂಯಿಯ ಮನೆಗೆ ಹೋದ. ಮುಂದಿನ ಕೋಣೆಯಲ್ಲಿ ಪೆಟ್ಟಿಗೆ ತೆರೆದಿತ್ತು. ಹ್ಯೂಯಿಯನ್ನು ಬೆರಳುಗಳಿಗೆ ಜಪಸರ ಸುತ್ತಿ ಮಲಗಿಸಿದ್ದರು. ಎಪ್ಪತ್ತೊಂಬತ್ತರ ಮುಖ ಸಣ್ಣದಾಗಿ ಕಂಡಿತು. ಹ್ಯೂಯಿಯ ತಂಗಿ ಊನಾ ಅಡುಗೆಮನೆಯಿಂದ ಬಂದು ಫಿಂಟನ್‌ನ ತೋಳು ಹಿಡಿದಳು. ಮದುವೆಯಾಗದ ಅಣ್ಣ ತಂಗಿ ಈ ಮನೆಯಲ್ಲಿ ಒಟ್ಟಿಗೆ ಮುದುಕರಾಗಿದ್ದರು.

"ಮುಂದಿನ ಹೆಗಲು ನೀನೇ ಕೊಡ್ಬೇಕು ಫಿಂಟನ್."

"ನಾನಾ? ನಿಮ್ಮ ಚಿಕ್ಕಪ್ಪನ ಮಕ್ಕಳು ಇದಾರಲ್ಲ."

"ಅವರು ಹಿಂದೆ ಹಿಡೀತಾರೆ. ನಿನ್ನನ್ನ ನೀರಿಂದ ಎಳ್ಕೊಂಡು ಬಂದೋನು ಅವನು." ಊನಾ ದನಿ ತಗ್ಗಿಸಿದಳು. "ಅವನು ಮಾಡಿದ್ದು ತಪ್ಪೇ. ನಾನು ಇಲ್ಲ ಅನ್ನಲ್ಲ. ಆ ಗಾಳೀಲಿ ಮಕ್ಕಳಿಗೆ ದೋಣಿ ಕೊಡ್ಬಾರ್ದಿತ್ತು. ಆದ್ರೆ ನಿನ್ನನ್ನಾದ್ರೂ ಉಳಿಸಿದ್ನಲ್ಲ. ಅದನ್ನ ಇವತ್ತು ಜನ ನೋಡ್ಲಿ."

ಫಿಂಟನ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪಾದ್ರಿ ಒಳಗೆ ಬಂದರು.

*

ಮೂವತ್ತೊಂದು ವರ್ಷದ ಹಿಂದಿನ ಆ ಭಾನುವಾರ ಪಶ್ಚಿಮದ ಗಾಳಿ ಬೆಳಗಿನಿಂದಲೇ ಬೀಸುತ್ತಿತ್ತು. ಹ್ಯೂಯಿ ತನ್ನ ಆರೂ ದೋಣಿಗಳನ್ನು ದಂಡೆಗೆ ಎಳೆದು, ಸರಪಳಿ ಪೋಣಿಸಿ ಬೀಗ ಹಾಕಿದ್ದ. ಮೀನು ಹಿಡಿಯಲು ಬಂದಿದ್ದ ಇಬ್ಬರು ಇಂಗ್ಲಿಷರನ್ನು ವಾಪಸು ಕಳಿಸಿದ್ದ. ಆ ಸರೋವರದಲ್ಲಿ ಎಲ್ಲಿ ನೀರು ಆಳ, ಎಲ್ಲಿ ಬಂಡೆ ಗೇಣುದ್ದ ಕೆಳಗೆ ಅಡಗಿದೆ ಎಂದು ಅವನಷ್ಟು ಬಲ್ಲವರು ಇರಲಿಲ್ಲ. ಇಂಥ ದೋಣಿಗಾರ ಸಿಗಲೆಂದು ಜನ ವರ್ಷ ಮೊದಲೇ ಕಾಗದ ಬರೆಯುತ್ತಿದ್ದರು.

"ಒಂದೇ ಗಂಟೆ ಹ್ಯೂಯಿ," ಎಂದು ಟೆಸ್‌ಳ ಮಗ ಕಾರ್ಮಕ್ ಕಾಡಿದ್ದ. ಅವನಿಗೂ ಫಿಂಟನ್‌ಗೂ ಹದಿನೇಳು.

"ಒಂದು ನಿಮಿಷಾನೂ ಇಲ್ಲ. ಮನೆಗೆ ಹೋಗಿ."

ಹ್ಯೂಯಿ ಊಟಕ್ಕೆ ಹೋದ. ಕಾರ್ಮಕ್ ಕಬ್ಬಿಣದ ಸಲಾಕೆ ಹಾಕಿ ಬೀಗ ಮುರಿದ. ಫಿಂಟನ್ ಸರಪಳಿ ಎಳೆದ. ದ್ವೀಪದ ಆಚೆಗಿನ ಬಂಡೆಗೆ ದೋಣಿ ಬಡಿದು ಮಗುಚಿಕೊಂಡಿತು. ಫಿಂಟನ್ ಅದರ ಬೆನ್ನಿಗೆ ಆತುಕೊಂಡ. ಕಾರ್ಮಕ್ ಎರಡು ಸಲ ಮೇಲೆ ಬಂದ. ಮೂರನೆಯ ಸಲಕ್ಕೆ ಕಾದರೂ ಬರಲಿಲ್ಲ. ಆ ಅಲೆಗಳಲ್ಲಿ ಒಬ್ಬನೇ ಹುಟ್ಟು ಹಾಕಿಕೊಂಡು ಬಂದ ಹ್ಯೂಯಿ, ಫಿಂಟನ್‌ನ ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎತ್ತಿಕೊಂಡ. ಆಮೇಲೆ ಎಂಟು ದಿನ ಹುಡುಕಿದ. ಒಂಬತ್ತನೆಯ ದಿನ, ಸರೋವರದಿಂದ ಹೊಳೆ ಹೊರಡುವ ಕಡೆ, ಜೊಂಡಿನ ನಡುವೆ ಕಾರ್ಮಕ್ ಸಿಕ್ಕ.

"ಕದ್ದ ದೋಣಿ ಅಂತ ಬಾಯಿ ಬಿಟ್ರೆ ನಿನ್ನ ಬದುಕು ಮುಗೀತು," ಎಂದು ಫಿಂಟನ್‌ನ ಅಪ್ಪ ಹೇಳಿದ. "ಹ್ಯೂಯಿ ಕೊಟ್ಟ ಅನ್ನು."

ಸಾವಿನ ವಿಚಾರಣೆಯಲ್ಲಿ ಫಿಂಟನ್ ಹಾಗೆಯೇ ಅಂದ. ಅಧಿಕಾರಿ ಹ್ಯೂಯಿಯ ಕಡೆ ತಿರುಗಿ, ಇದು ನಿಜವೇ ಎಂದು ಕೇಳಿದರು. ಹ್ಯೂಯಿ ಹುಡುಗನನ್ನೇ ಸ್ವಲ್ಪ ಹೊತ್ತು ನೋಡಿದ.

"ಅವನು ಹೇಳಿದ ಮೇಲೆ ಹಾಗೇ ಇರ್ಬೇಕು," ಎಂದ.

*

ಚರ್ಚಿನ ಪೂಜೆ ಬೇಗ ಮುಗಿಯಿತು. ಪಾದ್ರಿ ಈ ಊರಿಗೆ ಹೊಸಬರು. ಹ್ಯೂಯಿ ಶ್ರಮಜೀವಿ, ಮಿತಭಾಷಿ ಎಂದು ಹೇಳಿ ನಿಲ್ಲಿಸಿದರು. ಅವನು ಮಾಂಸದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ನೆಲದ ರಕ್ತ ತೊಳೆದದ್ದು ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ಆ ಬೇಸಿಗೆಯ ನಂತರ ಅವನ ದೋಣಿಗೆ ಯಾರೂ ಹತ್ತಿರಲಿಲ್ಲ. ಐದು ದೋಣಿ ದಂಡೆಯಲ್ಲೇ ಕೊಳೆತವು. ಉಳಿದ ಒಂದರಲ್ಲಿ ಅವನು ಪ್ರತಿ ವಸಂತದಲ್ಲೂ ಒಬ್ಬನೇ ಹೋಗಿ, ಬಂಡೆ ಇರುವ ಕಡೆಯಲ್ಲೆಲ್ಲ ಸುಣ್ಣ ಬಳಿದ ಕಂಬ ನೆಡುತ್ತಿದ್ದ. ರಜೆಗೆ ಬಂದವರು ಈಜಲು ಇಳಿದರೆ ದಂಡೆಯಲ್ಲಿ ನಿಂತು ಗಾಳಿಯ ದಿಕ್ಕು ಹೇಳುತ್ತಿದ್ದ. ಅವರು ನಗುತ್ತಿದ್ದರು. ಊರವರು ಅವನ ಮುಖ ನೋಡದೆ ದಾಟಿ ಹೋಗುತ್ತಿದ್ದರು.

ಪೆಟ್ಟಿಗೆಯ ಅಂಚು ಫಿಂಟನ್‌ನ ಹೆಗಲನ್ನು ಒತ್ತುತ್ತಿತ್ತು. ಸ್ಮಶಾನದ ಗೇಟಿನ ಹತ್ತಿರ ಹಿಂದಿನಿಂದ ಲಾರ್‌ನ ಪಿಸುಮಾತು ಕೇಳಿತು.

"ಅಲ್ನೋಡು. ಟೆಸ್."

ಅವಳು ಮಗನ ಗೋರಿಯ ಪಕ್ಕ ನಿಂತಿದ್ದಳು. ತಲೆಗೆ ಕಂದು ಸ್ಕಾರ್ಫು, ಕೈಯಲ್ಲಿ ಊರುಗೋಲು. ಜನ ದಾರಿ ಬಿಟ್ಟು ಸರಿದರು. ಪೆಟ್ಟಿಗೆ ಇಳಿಸಿದರು, ಪ್ರಾರ್ಥನೆ ಹೇಳಿದರು, ಗುದ್ದಲಿಗಳು ಕೈಯಿಂದ ಕೈಗೆ ಹೋದವು. ಅವಳು ಅಲುಗಾಡಲಿಲ್ಲ.

*

ಒಮ್ಮೆ ಫಿಂಟನ್ ಹ್ಯೂಯಿಯ ಮನೆಯ ತನಕ ಹೋಗಿದ್ದ. ಮೊದಲ ಮಗಳು ಹುಟ್ಟಿದ ವರ್ಷ. ಹ್ಯೂಯಿ ಬೋರಲು ಹಾಕಿದ ದೋಣಿಗೆ ಟಾರು ಬಳಿಯುತ್ತಿದ್ದ.

"ಅವತ್ತು ನೀವ್ಯಾಕೆ ಇಲ್ಲ ಅನ್ಲಿಲ್ಲ?"

"ಒಬ್ಬ ಆಗ್ಲೇ ಹೋಗಿದ್ದ. ಇನ್ನೊಬ್ಬನನ್ನೂ ಮುಳುಗಿಸ್ಬೇಕಿತ್ತಾ ನಾನು?"

"ನಾನೀಗ ಎಲ್ರಿಗೂ ಹೇಳ್ಬಿಡ್ತೀನಿ."

ಹ್ಯೂಯಿ ಕುಂಚ ನಿಲ್ಲಿಸಲಿಲ್ಲ. "ಹೇಳೋದಾದ್ರೆ ಹೇಳು. ನನ್ನ ಅಪ್ಪಣೆ ಕೇಳೋಕೆ ಬರ್ಬೇಡ."

ಫಿಂಟನ್ ಮನೆಗೆ ಬಂದ. ನಾಳೆ ಎಂದುಕೊಂಡ. ಆ ಮಗಳು ಈಗ ಕಾಲೇಜು ಮುಗಿಸಿದ್ದಳು.

*

ಜನ ಕರಗಿದ ಮೇಲೆ ಅವನು ಟೆಸ್‌ಳ ಬಳಿಗೆ ನಡೆದ.

"ಟೆಸ್, ಹ್ಯೂಯಿ ನಮಗೆ ದೋಣಿ ಕೊಡ್ಲಿಲ್ಲ. ನಾವೇ ಬೀಗ ಮುರಿದ್ವಿ."

"ಗೊತ್ತು."

ಅವನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎನಿಸಿತು.

"ಮುರಿದ ಬೀಗ ಕಾರ್ಮಕ್‌ನ ಜೇಬಲ್ಲೇ ಇತ್ತು," ಎಂದಳು ಟೆಸ್. "ಅವನ ಬಟ್ಟೆ ವಾಪಸು ಕೊಟ್ರಲ್ಲ, ಒಗೆಯೋವಾಗ ಸಿಕ್ತು."

"ಹಾಗಾದ್ರೆ ನೀವ್ಯಾಕೆ ಹೇಳ್ಲಿಲ್ಲ?"

"ನೀನ್ಯಾಕೆ ಹೇಳ್ಲಿಲ್ಲ?"

ಟೆಸ್ ನೀರಿನ ಕಡೆ ನೋಡುತ್ತ ಹೇಳಿದಳು. "ನನ್ನ ಮಗ ಕಳ್ಳ ಅಂತ ಅನ್ನಿಸ್ಕೊಳ್ಳೋದು ನನಗೆ ಬೇಕಿರ್ಲಿಲ್ಲ. ಶಾಪ ಹಾಕೋಕೆ ಒಬ್ಬ ಬೇಕಿತ್ತು. ಅವನು ತಲೆ ಬಗ್ಗಿಸ್ಕೊಂಡು ನಿಂತ, ನಾನು ಹಾಕ್ತಾ ಹೋದೆ. ಆಮೇಲೆ ಅದೇ ರೂಢಿ ಆಗೋಯ್ತು."

ಹಿಂದೆ ಹೆಜ್ಜೆ ಸಪ್ಪಳವಾಯಿತು. ಊನಾ ಬಂದು ಟೆಸ್‌ಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕಣ್ಣು ಕೆಂಪಾಗಿತ್ತು.

"ನೀವು ಬಂದ್ರಲ್ಲ. ಕೊನೆಗೂ ಅವನನ್ನ ಕ್ಷಮಿಸಿದ್ರಲ್ಲ. ಇಷ್ಟು ವರ್ಷ ನಾನು ಇದಕ್ಕೇ ಜಪಸರ ಎಣಿಸಿದ್ದು. ಬನ್ನಿ, ಒಂದು ಲೋಟ ಟೀ ಕುಡ್ಕೊಂಡು ಹೋಗಿ. ಇಬ್ರೂ ಬನ್ನಿ."

ಇಬ್ಬರಿಗೂ ಬೇಡ ಎನ್ನಲಾಗಲಿಲ್ಲ.

ಅಡುಗೆಮನೆ ತುಂಬ ಜನ. ಹ್ಯಾಮ್ ಇಟ್ಟ ಬ್ರೆಡ್ಡು, ಹಣ್ಣಿನ ಕೇಕು, ಮೂಲೆಯಲ್ಲಿ ವಿಸ್ಕಿ. ಮಾರ್ಟಿ ಯಾವುದೋ ದೊಡ್ಡ ಟ್ರೌಟಿನ ಕತೆ ಹೇಳುತ್ತಿದ್ದ. ಸುತ್ತಲಿದ್ದವರು ಮೀನಿನ ಉದ್ದ ಕಡಿಮೆ ಮಾಡಿಸಲು ಚೌಕಾಸಿ ನಡೆಸಿದ್ದರು. ಊನಾ ಗಾಜಿನ ಕಪಾಟಿನಿಂದ ತನ್ನ ತಾಯಿಯ ನೀಲಿ ಹೂವಿನ ಕಪ್ಪುಗಳನ್ನು ತೆಗೆದು, ಟೆಸ್‌ಗೂ ಫಿಂಟನ್‌ಗೂ ಬೆಂಕಿಯ ಹತ್ತಿರ ಜಾಗ ಮಾಡಿಕೊಟ್ಟು, ಟೀ ಬಗ್ಗಿಸಿದಳು. ಟೆಸ್‌ಳ ಕಪ್ಪಿಗೆ ತಾನೇ ಸಕ್ಕರೆ ಹಾಕಿ ಕಲಕಿದಳು.

"ಅವನು ಕೆಟ್ಟವನಲ್ಲ ಟೆಸ್. ಒಂದು ದಿನ ಬುದ್ಧಿ ಕೈಕೊಡ್ತು, ಅಷ್ಟೇ."

ಟೆಸ್ ಕಪ್ಪು ಎತ್ತಲಿಲ್ಲ. ಫಿಂಟನ್ ತನ್ನ ಕಪ್ಪನ್ನು ಕೆಳಗಿಟ್ಟ.

"ಊನಾ, ಕೂತ್ಕೊಳ್ಳಿ."

"ಕೂರೋಕೆ ಪುರುಸೊತ್ತೆಲ್ಲಿ? ಹೇಳು."

ಅವನು ಹೇಳಿದ. ಬೀಗ, ಸಲಾಕೆ, ಅಪ್ಪನ ಮಾತು, ವಿಚಾರಣೆ. ದನಿ ಎತ್ತರಿಸದೆ, ಅವಳಿಗಷ್ಟೇ ಕೇಳುವಂತೆ. ಆದರೂ ನಡುವೆಲ್ಲೋ ಮಾರ್ಟಿಯ ಕತೆ ನಿಂತಿತು. ಫಿಂಟನ್ ಮುಗಿಸಿದಾಗ ಟೆಸ್, "ನನಗೂ ಗೊತ್ತಿತ್ತು. ಮೊದಲನೇ ತಿಂಗಳಿಂದಾನೇ," ಎಂದಳು.

ಊನಾ ಟೀ ಪಾತ್ರೆ ಹಿಡಿದು ನಿಂತೇ ಇದ್ದಳು. ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು.

"ನಾನೂ ಅವನಿಗೆ ಅಂದಿದ್ದೆ," ಎಂದಳು. "ಇದೇ ಅಡುಗೆಮನೇಲಿ. ನೀನು ಕೊಲೆಗಾರ ಅಂತ."

ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಟೆಸ್‌ಳ ಮುಂದಿದ್ದ ಕಪ್ಪು ತೆಗೆದುಕೊಂಡಳು, ಫಿಂಟನ್‌ನ ಕಪ್ಪು ತೆಗೆದುಕೊಂಡಳು. ಅವರಿಬ್ಬರ ಮುಂದಿದ್ದ ಬ್ರೆಡ್ಡಿನ ತಟ್ಟೆಗಳನ್ನೂ ಎತ್ತಿದಳು. ಬಿಸಿ ಟೀಯನ್ನು ಚೆಲ್ಲಿ, ನಲ್ಲಿ ಬಿಟ್ಟು, ಕಪ್ಪುಗಳನ್ನು ಒಳಗೂ ಹೊರಗೂ ಉಜ್ಜಿ ತೊಳೆದಳು. ಬಟ್ಟೆಯಿಂದ ನಿಧಾನವಾಗಿ ಒರೆಸಿ, ಗಾಜಿನ ಕಪಾಟಿನಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟು ಬಾಗಿಲು ಹಾಕಿದಳು. ಆಮೇಲೆ ಟೀ ಪಾತ್ರೆ ಎತ್ತಿಕೊಂಡು, ಅವರಿಬ್ಬರನ್ನೂ ದಾಟಿ, ಮಾರ್ಟಿಯ ಲೋಟ ತುಂಬಿಸಲು ಹೋದಳು.